ಫಾಂಟ್ ನಮ್ಮಿಷ್ಟ, ಖರ್ಚು ಯಾರದು?

ಎಂಜಿನಿಯರಿಂಗ್ ಹುಡುಗರ ನಡುವೆ ಜಗಳ ಹಚ್ಚೋಕೆ ರಾಜಕೀಯ ಬೇಕಿಲ್ಲ, ಕ್ರಿಕೆಟ್ಟೂ ಬೇಕಿಲ್ಲ. ‘ಕೋಡ್ ಬರೆಯೋಕೆ ಯಾವ ಫಾಂಟ್ ಚೆನ್ನಾಗಿದೆ?’ ಅಂತ ಒಂದು ಪ್ರಶ್ನೆ ಎಸೆದರೆ ಸಾಕು. ಒಬ್ಬರು ಫಿರಾ ಕೋಡ್ ಅಂತಾರೆ, ಇನ್ನೊಬ್ಬರು ಜೆಟ್‌ಬ್ರೇನ್ಸ್ ಮೋನೋ ಅಂತಾರೆ, ಮೂಲೆಯಲ್ಲಿ ಕೂತವರು ‘ವಿಂಡೋಸ್ ಜೊತೆ ಬರೋ ಕನ್ಸೋಲಾಸ್‌ಗೆ ಏನಾಗಿದೆ?’ ಅಂತ ಕೇಳ್ತಾರೆ. ಅಲ್ಲಿಗೆ ಆ ಹೊತ್ತಿನ ಕೆಲಸ ಮುಗಿದ ಹಾಗೆ. ಅಸೈನ್‌ಮೆಂಟ್ ಕೊಡೋಕೆ ಒಂದೇ ಗಂಟೆ ಉಳಿದಿದ್ದರೂ ಎಡಿಟರಿನ ಸೆಟ್ಟಿಂಗ್ಸ್ ತೆರೆದು, ಅಳತೆ 14 ಇಡೋಣವೋ 15 ಇಡೋಣವೋ ಅಂತ ತಲೆ ಕೆಡಿಸಿಕೊಳ್ಳುವವರು ನಮ್ಮಲ್ಲಿ ಕಮ್ಮಿ ಇಲ್ಲ.

ಇದನ್ನೆಲ್ಲ ಹುಡುಗಾಟ ಅಂತ ತಳ್ಳಿಹಾಕೋದು ಸುಲಭ. ನಾವು ಹಾಗೆ ಹೇಳೋದಿಲ್ಲ. ದಿನಕ್ಕೆ ಆರೇಳು ಗಂಟೆ ಕಣ್ಣೆದುರು ಇರುವ ವಸ್ತುವನ್ನು ನೋಡಿ, ಹೋಲಿಸಿ ಆರಿಸಿಕೊಂಡರೆ ತಪ್ಪೇನಿದೆ? ನಮ್ಮ ಮಾತು ಬೇರೆ. ಇಷ್ಟು ಮುತುವರ್ಜಿಯಿಂದ ಆರಿಸಿಕೊಳ್ಳುವ ಈ ಫಾಂಟುಗಳಲ್ಲಿ ಬಹುಪಾಲು ನಮಗೆ ಬಿಟ್ಟಿ ಸಿಕ್ಕಿವೆ. ಯಾರೋ ಬಿಡಿಸಿದರು, ಯಾರೋ ದುಡ್ಡು ಹಾಕಿದರು, ಯಾರೋ ಇವತ್ತಿಗೂ ಕೂತು ರಿಪೇರಿ ಮಾಡ್ತಿದ್ದಾರೆ. ಆರಿಸುವಾಗ ಇರುವ ಕಾಳಜಿ ಅದನ್ನು ಉಳಿಸುವ ವಿಷಯ ಬಂದಾಗ ಎಲ್ಲಿಗೆ ಹೋಗುತ್ತೆ? ನಮ್ಮ ಕನ್ನಡ ಸಂಘದಂಥ ಸಣ್ಣ ಗುಂಪೂ ಸೇರಿದಂತೆ, ಮುಕ್ತ ತಂತ್ರಾಂಶವನ್ನು ಬಳಸುವವರು ವರ್ಷಕ್ಕೊಮ್ಮೆಯಾದರೂ ಅದಕ್ಕೆ ದುಡ್ಡು ಕೊಡುವ ರೂಢಿ ಶುರು ಮಾಡಬೇಕು ಅನ್ನೋದು ಈ ಬರಹದ ಒಟ್ಟು ವಾದ.

ರುಚಿಯ ಹಿಂದೆ ಕೆಲಸ ಇದೆ

ಕೋಡ್ ಬರೆಯುವ ಫಾಂಟು ಮಾಮೂಲಿ ಫಾಂಟಿನಂತಲ್ಲ. ಅದರಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಇದು ಟೈಪ್‌ರೈಟರ್ ಕಾಲದಿಂದ ಬಂದ ಕಟ್ಟುಪಾಡು. ಕೀಲಿ ಒತ್ತಿದಾಗಲೆಲ್ಲ ಯಂತ್ರ ಒಂದೇ ಅಳತೆಯಷ್ಟು ಸರಿಯುತ್ತಿತ್ತು, ಹಾಗಾಗಿ ತೆಳ್ಳಗಿನ ‘ಐ’ಗೂ ದಪ್ಪನೆಯ ‘ಎಂ’ಗೂ ಸಮಾನ ಜಾಗ. ನಮಗೆಲ್ಲ ಗೊತ್ತಿರುವ ಕೊರಿಯರ್ ಅಕ್ಷರವನ್ನು 1950ರ ದಶಕದಲ್ಲಿ ಹೋವರ್ಡ್ ಕೆಟ್ಲರ್ ಅವರು ಐಬಿಎಂ ಟೈಪ್‌ರೈಟರಿಗೆ ಅಂತಲೇ ಬಿಡಿಸಿದ್ದು. ಟೈಪ್‌ರೈಟರ್ ಹೋಯಿತು, ಕಟ್ಟುಪಾಡು ಉಳಿಯಿತು. ಸಾಲಿನ ಕೆಳಗೆ ಸಾಲು ನೇರವಾಗಿ ಕೂತರೆ ಕೋಡ್ ಓದೋಕೆ ಹಿತ, ಅಷ್ಟೇ.

ಎರಡನೆಯ ಕಟ್ಟುಪಾಡು, ಒಂದು ಗುರುತು ಇನ್ನೊಂದರಂತೆ ಕಾಣಬಾರದು. ಸೊನ್ನೆಯೂ ಇಂಗ್ಲಿಷಿನ ‘ಓ’ ಅಕ್ಷರವೂ, ಒಂದು ಅನ್ನೋ ಅಂಕಿಯೂ ಸಣ್ಣ ‘ಎಲ್’ ಅಕ್ಷರವೂ ಒಂದೇ ಥರ ಕಂಡರೆ ಅರ್ಧ ರಾತ್ರಿಯವರೆಗೆ ಬಗ್ ಹುಡುಕಬೇಕಾಗುತ್ತೆ. ಅದಕ್ಕೇ ಸೊನ್ನೆಯೊಳಗೆ ಒಂದು ಚುಕ್ಕಿ ಇಡ್ತಾರೆ ಅಥವಾ ಅಡ್ಡಗೆರೆ ಎಳೀತಾರೆ. ಕನ್ನಡದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಸಣ್ಣ ಅಳತೆಯಲ್ಲಿ ದ, ಧ, ಥ ಮೂರನ್ನೂ ಬೇರೆ ಮಾಡೋಕೆ ಕಣ್ಣು ಕಿರಿದು ಮಾಡಿದ ಅನುಭವ ಎಲ್ಲರಿಗೂ ಇದೆ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ನೋಟದಲ್ಲಿ ಹೆಚ್ಚು ವ್ಯತ್ಯಾಸವೇ ಇಲ್ಲ, ಕಂಪ್ಯೂಟರಿಗೆ ಮಾತ್ರ ಅವೆರಡೂ ಬೇರೆ ಬೇರೆ ಸಂಕೇತ.

ಇನ್ನು ಜಗಳದ ಮುಖ್ಯ ವಿಷಯಕ್ಕೆ ಬರೋಣ: ಕೂಡು ಗುರುತುಗಳು. ಫಿರಾ ಕೋಡ್ ಫಾಂಟಿನಲ್ಲಿ => ಅಂತ ಎರಡು ಗುರುತು ಒತ್ತಿದರೆ ತೆರೆಯ ಮೇಲೆ ಒಂದೇ ಚಂದದ ಬಾಣ ಮೂಡುತ್ತೆ. != ಒತ್ತಿದರೆ ಗಣಿತದ ‘ಸಮ ಅಲ್ಲ’ ಚಿಹ್ನೆ. ಕಡತದಲ್ಲಿ ಇರೋದು ಎರಡೇ ಗುರುತು, ಕಾಣೋದು ಮಾತ್ರ ಒಂದು. ಕೆಲವರಿಗೆ ಇದು ಹಬ್ಬ. ಇನ್ನು ಕೆಲವರಿಗೆ ‘ಇರೋದೊಂದು, ತೋರಿಸೋದೊಂದು’ ಅಂತ ಸಿಟ್ಟು.

ಕನ್ನಡಿಗರಾಗಿ ನಾವು ಇದನ್ನು ನೋಡಿ ಅಚ್ಚರಿ ಪಡಬೇಕಾದ್ದೇನಿಲ್ಲ. ಇದು ನಮ್ಮ ಒತ್ತಕ್ಷರದ ಆಟವೇ. ‘ಶಕ್ತಿ’ ಅಂತ ಬರೆಯುವಾಗ ಕಡತದಲ್ಲಿ ಕ, ಹಲಂತ, ತ ಅಂತ ಒಂದರ ಹಿಂದೆ ಒಂದು ಸಂಕೇತ ಕೂತಿರುತ್ತೆ. ತೆರೆಯ ಮೇಲೆ ಮಾತ್ರ ‘ತ’ ಒತ್ತಾಗಿ ಕ-ಕಾರದ ಕೆಳಗೆ ಇಳಿಯುತ್ತೆ. ಬಾಣ ಮೂಡಿಸುವುದಕ್ಕೂ ಒತ್ತು ಇಳಿಸುವುದಕ್ಕೂ ಬಳಸುವ ಏರ್ಪಾಡು ಒಂದೇ. ‘ಈ ಆಕಾರಗಳು ಒಟ್ಟಿಗೆ ಬಂದರೆ ಇವುಗಳ ಜಾಗದಲ್ಲಿ ಆ ಆಕಾರ ಇಡು’ ಅಂತ ಹೇಳುವ ಒಂದು ಪಟ್ಟಿ ಫಾಂಟ್ ಕಡತದೊಳಗೇ ಇರುತ್ತೆ. ಆ ಪಟ್ಟಿಯನ್ನು ಓದಿ ಜಾರಿಗೆ ತರೋಕೆ ಇನ್ನೊಂದು ತಂತ್ರಾಂಶ ಬೇಕು. ಆ ತಂತ್ರಾಂಶದ ಮಾತನ್ನು ಮುಂದೆ ಆಡ್ತೀವಿ. ಅದಕ್ಕೂ ಮೊದಲು ಫಾಂಟಿಗೆ ದುಡ್ಡು ಎಲ್ಲಿಂದ ಬಂತು ಅಂತ ನೋಡೋಣ.

ಬಿಟ್ಟಿ ಅನ್ನೋದು ಎಲ್ಲಿಂದ ಬಂತು

ಬಿಟ್ಟಿ ಫಾಂಟು ಅಂದ್ರೆ ಖರ್ಚಿಲ್ಲದ ಫಾಂಟು ಅಲ್ಲ. ಖರ್ಚನ್ನು ನಮ್ಮ ಬದಲು ಬೇರೆ ಯಾರೋ ಹೊತ್ತಿದ್ದಾರೆ ಅಂತಷ್ಟೇ ಅರ್ಥ. 2003ರಲ್ಲಿ ಬಿಟ್‌ಸ್ಟ್ರೀಮ್ ಅನ್ನೋ ಕಂಪನಿ ಗ್ನೋಮ್ ಫೌಂಡೇಷನ್ ಜೊತೆ ಒಪ್ಪಂದ ಮಾಡಿಕೊಂಡು ತನ್ನ ವೆರಾ ಫಾಂಟುಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರ ಮೇಲೆ ಸ್ವಯಂಸೇವಕರು ಡೆಜಾವು ಕಟ್ಟಿದರು, ಅದು ವರ್ಷಗಟ್ಟಲೆ ಲಿನಕ್ಸ್ ಬಳಸುವವರ ಮನೆಮಾತಾಗಿತ್ತು. ಆಪಲ್ ಕಂಪನಿಯ ಮೆನ್ಲೋ ಫಾಂಟು ಬಂದದ್ದೂ ಇದೇ ಬಳ್ಳಿಯಿಂದ. ಅಡೋಬಿ 2012ರಲ್ಲಿ ಸೋರ್ಸ್ ಕೋಡ್ ಪ್ರೊ ಕೊಟ್ಟಿತು. ಐಬಿಎಂ 2017ರಲ್ಲಿ ಪ್ಲೆಕ್ಸ್, ಮೈಕ್ರೋಸಾಫ್ಟ್ 2019ರಲ್ಲಿ ಕ್ಯಾಸ್ಕೇಡಿಯಾ ಕೋಡ್, ಜೆಟ್‌ಬ್ರೇನ್ಸ್ 2020ರಲ್ಲಿ ತನ್ನ ಮೋನೋ ಕೊಟ್ಟವು. ಇವೆಲ್ಲ ಸಂಬಳ ಕೊಟ್ಟು ಮಾಡಿಸಿದ ಕೆಲಸಗಳು.

ಫಿರಾ ಕೋಡ್‌ನ ಕಥೆ ಇನ್ನೂ ಚೆನ್ನಾಗಿದೆ. ಮೊಜಿಲ್ಲಾ ಸಂಸ್ಥೆ ಫೈರ್‌ಫಾಕ್ಸ್ ಓಎಸ್ ಅಂತ ಫೋನಿಗೊಂದು ಆಪರೇಟಿಂಗ್ ಸಿಸ್ಟಂ ಮಾಡಲು ಹೊರಟಾಗ, ಅದಕ್ಕೆ ಬೇಕು ಅಂತ ಎರಿಕ್ ಸ್ಪೀಕರ್‌ಮನ್ ಅವರಂಥ ಹೆಸರಾಂತ ವಿನ್ಯಾಸಕರಿಂದ ಫಿರಾ ಮಾಡಿಸಿತು. ಆ ಫೋನು ನಡೆಯಲಿಲ್ಲ. ಫಾಂಟು ಮುಕ್ತವಾಗಿದ್ದರಿಂದ ಫೋನಿನ ಜೊತೆ ಸಾಯಲಿಲ್ಲ. ನಿಕಿತಾ ಪ್ರೊಕೊಪೊವ್ ಅನ್ನೋ ಪ್ರೋಗ್ರಾಮರ್ ಫಿರಾ ಮೋನೋ ತೆಗೆದುಕೊಂಡು, ಅದಕ್ಕೆ ಬಾಣ, ಕೂಡು ಗುರುತು ಎಲ್ಲ ಸೇರಿಸಿ ಫಿರಾ ಕೋಡ್ ಮಾಡಿದರು. ಅವರು ವೃತ್ತಿಯಿಂದ ಅಕ್ಷರ ವಿನ್ಯಾಸಕರೂ ಅಲ್ಲ. ಇಂಥ ಮರುಹುಟ್ಟಿಗೆ ದಾರಿ ಮಾಡಿಕೊಟ್ಟದ್ದು ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿ. ಅದರ ತಾತ್ಪರ್ಯ ಸರಳ: ಬಳಸಿ, ಬದಲಿಸಿ, ಹಂಚಿ, ನಿಮ್ಮ ತಂತ್ರಾಂಶದ ಜೊತೆ ಸೇರಿಸಿ ಕೊಡಿ. ಆದರೆ ಬರೀ ಫಾಂಟನ್ನೇ ಮಾರಬೇಡಿ, ನೀವು ಬದಲಿಸಿದ್ದನ್ನೂ ಇದೇ ಷರತ್ತಿನಲ್ಲಿ ಮುಕ್ತವಾಗಿ ಬಿಡಿ.

ಈ ಕಥೆಗಳಲ್ಲಿ ಸಂತೋಷದ ಜೊತೆ ಒಂದು ಎಚ್ಚರಿಕೆಯೂ ಇದೆ. ಕಂಪನಿ ದುಡ್ಡು ಹಾಕೋದು ತನಗೆ ಬೇಕಾದಷ್ಟು ದಿನ. ಸ್ವಯಂಸೇವಕರು ಕೆಲಸ ಮಾಡೋದು ತಮಗೆ ಪುರುಸೊತ್ತು ಇರುವಷ್ಟು ದಿನ. ಡೆಜಾವು ಫಾಂಟಿನ ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಅದನ್ನು ಮಾಡಿದವರ ಮೇಲೆ ನಮಗೆ ಯಾವ ದೂರೂ ಇಲ್ಲ. ಇಷ್ಟು ವರ್ಷ ಮಾಡಿದ್ದೇ ದೊಡ್ಡದು. ಆದರೆ ಲಕ್ಷಾಂತರ ಜನ ಬಳಸೋ ಒಂದು ವಸ್ತುವಿನ ಆಯುಸ್ಸು ನಾಲ್ಕು ಜನರ ಪುರುಸೊತ್ತಿನ ಮೇಲೆ ನಿಂತಿದ್ದರೆ, ಬಳಸೋರಿಗೆ ಅದರ ಚಿಂತೆ ಇರಬೇಕಲ್ಲವೇ?

ಇದಕ್ಕೆ ಪಕ್ಕದಲ್ಲೇ ಇನ್ನೊಂದು ದಾರಿ ಇದೆ: ದುಡ್ಡಿನ ಫಾಂಟು. ಓರೆ ಅಕ್ಷರಗಳನ್ನು ಕೈಬರಹದಂತೆ ಬಾಗಿಸಿ ಹೆಸರು ಮಾಡಿದ ಆಪರೇಟರ್ ಮೋನೋ 2016ರಲ್ಲಿ ಬಂದಾಗ ಅದರ ಬೆಲೆ ಸುಮಾರು 200 ಡಾಲರ್. ಮಾಡಿದವರು ಬೆಲೆ ಕೇಳೋದು ಅವರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಫಾಂಟುಗಳ ಜಿಪ್ ಕಡತಗಳು ವಾಟ್ಸಾಪ್ ಗುಂಪುಗಳಲ್ಲಿ ತಿರುಗುವುದನ್ನು ಎಲ್ಲರೂ ನೋಡಿರ್ತೀರಿ. ಬೆಲೆ ಕೇಳಿದವರಿಗೂ ಕೊಡಲಿಲ್ಲ, ಕೇಳದವರಿಗೂ ಕೊಡಲಿಲ್ಲ ಅಂದಮೇಲೆ ‘ನನಗೆ ಫಾಂಟ್ ಅಂದ್ರೆ ಪ್ರಾಣ’ ಅನ್ನೋ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಕಣ್ಣಿಗೆ ಕಾಣದ ಕೆಳಗಿನ ಮನೆ

ಫಾಂಟಾದರೂ ಕಣ್ಣಿಗೆ ಕಾಣುತ್ತೆ, ಹೆಸರು ಗೊತ್ತಿರುತ್ತೆ. ಅದರ ಕೆಳಗೆ ಕೆಲಸ ಮಾಡುವವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಮುಂದೆ ಆಡ್ತೀವಿ ಅಂದ ಮಾತು ಇದೇ. ಫಾಂಟಿನೊಳಗಿನ ಪಟ್ಟಿಯನ್ನು ಓದಿ, ಯಾವ ಒತ್ತು ಎಲ್ಲಿ ಕೂರಬೇಕು ಅಂತ ತೀರ್ಮಾನಿಸುವ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಇದೇ ಇದೆ. ವಿಎಸ್ ಕೋಡ್ ಎಡಿಟರ್ ಒಳಗಡೆ ಕ್ರೋಮ್‌ನ ತಳಹದಿಯ ಮೇಲೇ ನಿಂತಿರೋದರಿಂದ ಅಲ್ಲೂ ಇದೆ. ಇದರ ಮುಖ್ಯ ಕರ್ತೃ ಬೆಹದಾದ್ ಎಸ್ಫಾಬೋದ್ ಇರಾನ್ ಮೂಲದವರು. ‘ಹಾರ್ಫ್‌ಬಜ್’ ಅನ್ನೋ ಹೆಸರೂ ಪಾರ್ಸಿ ಭಾಷೆಯದೇ. ನೀವೀಗ ಓದುತ್ತಿರುವ ಈ ಪುಟದ ಒಂದೊಂದು ಒತ್ತಕ್ಷರವೂ, ನಿಮ್ಮ ಎಡಿಟರಿನ ಒಂದೊಂದು ಬಾಣವೂ ಬಹುಮಟ್ಟಿಗೆ ಈ ಒಂದೇ ಬಾಗಿಲು ದಾಟಿ ಬಂದಿರುತ್ತೆ.

ಹೀಗೆ ತೀರ್ಮಾನವಾದ ಆಕಾರಗಳನ್ನು ಚುಕ್ಕಿಚುಕ್ಕಿಯಾಗಿ ತೆರೆಯ ಮೇಲೆ ಮೂಡಿಸೋಕೆ ಇನ್ನೊಂದು ತಂತ್ರಾಂಶ ಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ, ಲಿನಕ್ಸ್ ಯಂತ್ರಗಳಲ್ಲಿ ಅನೇಕ ವರ್ಷಗಳಿಂದ ಆ ಕೆಲಸ ಮಾಡಿಕೊಂಡು ಬಂದದ್ದು ಫ್ರೀಟೈಪ್. 1996ರಲ್ಲಿ ಶುರುವಾದ ಯೋಜನೆ ಇದು. 2020ರ ಅಕ್ಟೋಬರಿನಲ್ಲಿ ಇದರಲ್ಲೊಂದು ದೊಡ್ಡ ಲೋಪ ಬೆಳಕಿಗೆ ಬಂತು. ಬೇಕಂತಲೇ ಕೆಡಿಸಿದ ಒಂದು ಫಾಂಟ್ ಕಡತವನ್ನು ಬ್ರೌಸರ್ ತೆರೆದರೆ ಸಾಕು, ದಾಳಿ ಮಾಡುವವರಿಗೆ ಒಳಗೆ ನುಗ್ಗಲು ದಾರಿಯಾಗುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ಕ್ರೋಮ್ ಬಳಕೆದಾರರ ಮೇಲೆ ದಾಳಿ ಆಗಲೇ ಶುರುವಾಗಿತ್ತು. ಕೂಡಲೇ ರಿಪೇರಿಯೂ ಆಯಿತು. 2025ರಲ್ಲಿ ಇನ್ನೊಂದು ಲೋಪ ಸಿಕ್ಕಿತು. ಅಕ್ಷರ ತೋರಿಸುವ ಪಾಪದ ತಂತ್ರಾಂಶ ಅಂದುಕೊಂಡದ್ದು ನಮ್ಮ ಬ್ಯಾಂಕ್ ಆ್ಯಪ್ ಇರುವ ಫೋನಿನ ಬಾಗಿಲೂ ಹೌದು.

ಕಾವಲಿಗೆ ದುಡ್ಡಿಲ್ಲದಿದ್ದರೆ ಏನಾಗುತ್ತೆ ಅನ್ನೋಕೆ ಫಾಂಟಿನ ಲೋಕದ ಹೊರಗೆ ಎರಡು ಪಾಠಗಳಿವೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಲೋಪ ಸಿಕ್ಕಿತು. ಲೋಕದ ಬಹುಪಾಲು ವೆಬ್ ಸರ್ವರುಗಳು ನೆಚ್ಚಿಕೊಂಡಿದ್ದ ಆ ಯೋಜನೆಗೆ ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಮಾತ್ರ. ಲೋಪ ಬಯಲಾದ ಮೇಲೆ ದೊಡ್ಡ ಕಂಪನಿಗಳೆಲ್ಲ ಸೇರಿ ನಿಧಿ ಕಟ್ಟಿದವು. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಪ್ರಕರಣ ನಡೆಯಿತು. ಸಂಬಳವಿಲ್ಲದೆ ಒಬ್ಬರೇ ನೋಡಿಕೊಳ್ಳುತ್ತಿದ್ದ ಸಣ್ಣ ಯೋಜನೆಗೆ ಸಹಾಯ ಮಾಡುವ ನೆಪದಲ್ಲಿ ಬಂದವರೊಬ್ಬರು ವರ್ಷಗಟ್ಟಲೆ ನಂಬಿಕೆ ಗಳಿಸಿ ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. ಆಂಡ್ರೆಸ್ ಫ್ರೋಯಂಡ್ ಅನ್ನೋ ಎಂಜಿನಿಯರ್, ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಅದನ್ನು ಹಿಡಿದರು. ಒಬ್ಬರ ಮೇಲೆ ಅಷ್ಟೊಂದು ಭಾರ ಹೊರಿಸಿ ಉಳಿದವರೆಲ್ಲ ಕೈಕಟ್ಟಿ ಕೂತಿದ್ದೇ ಕಳ್ಳರಿಗೆ ಅನುಕೂಲವಾಯಿತು.

ನಮ್ಮ ಹಳ್ಳಿಗಳಲ್ಲಿ ಕೆರೆ ಇದ್ದಲ್ಲೆಲ್ಲ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಯಾವಾಗ ನೀರು ಅಂತ ನೋಡೋದು ಅವನ ಕೆಲಸ. ಕೆರೆ ನೀರಿಗೆ ಯಾರೂ ಅವನ ಕೈಗೆ ಬೆಲೆ ಕೊಡುತ್ತಿರಲಿಲ್ಲ. ಆದರೆ ಸುಗ್ಗಿ ಬಂದಾಗ ನೀರು ಕಂಡ ಪ್ರತಿ ಮನೆಯವರೂ ಅವನಿಗೆ ಇಂತಿಷ್ಟು ಕಾಳು ಅಳೆದು ಕೊಡುತ್ತಿದ್ದರು. ಅದು ಭಿಕ್ಷೆಯೂ ಅಲ್ಲ, ನೀರಿನ ಬಿಲ್ಲೂ ಅಲ್ಲ, ಕೆರೆ ನಡೆಯಬೇಕಾದ ರೀತಿ. ಮುಕ್ತ ತಂತ್ರಾಂಶ ನಮ್ಮ ಕಾಲದ ಊರಕೆರೆ ಆದರೆ, ಅದರ ನೀರುಗಂಟಿಗಳಿಗೆ ಕಾಳು ಅಳೆಯುವವರು ಯಾರು?

ಕನ್ನಡಕ್ಕೆ ಇದರಲ್ಲಿ ಪಾಲಿದೆ

‘ಫಿರಾ ಕೋಡ್‌ಗೂ ಕನ್ನಡ ಸಂಘಕ್ಕೂ ಏನು ಸಂಬಂಧ?’ ಅಂತ ಕೇಳುವವರು ಇದ್ದಾರೆ. ಸಂಬಂಧ ಇದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ತೆರೆದವರಿಗೆ ಗೊತ್ತು: ಆ ಫಾಂಟು ಯಂತ್ರದಲ್ಲಿ ಇಲ್ಲದಿದ್ದರೆ ಇಡೀ ಬರಹ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತೆ. ಆ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಆದರೆ ಆಗ ಕನ್ನಡದವರಿಗೆ ಫಾಂಟು ಅನ್ನೋದು ರುಚಿಯ ವಿಷಯ ಆಗಿರಲಿಲ್ಲ, ಬೀಗದ ಕೈ ಆಗಿತ್ತು. ಯೂನಿಕೋಡ್ ಬಂದು, ಅದನ್ನು ಓದಬಲ್ಲ ಮುಕ್ತ ತಂತ್ರಾಂಶ ಬಂದ ಮೇಲೆಯೇ ‘ನನಗೆ ಈ ಕನ್ನಡ ಫಾಂಟ್ ಇಷ್ಟ, ಅದು ಇಷ್ಟವಿಲ್ಲ’ ಅನ್ನೋ ಸುಖ ನಮಗೆ ಸಿಕ್ಕಿದ್ದು. ರೆಡ್ ಹ್ಯಾಟ್ ಹೊರತಂದ ಲೋಹಿತ್, ಗೂಗಲ್ ಮಾಡಿಸಿದ ನೋಟೊ, ಏಕ್ ಟೈಪ್ ತಂಡದ ಬಾಲೂ ತಮ್ಮ, ಡೆಬಿಯನ್ ಲಿನಕ್ಸ್‌ನಲ್ಲಿ ಸೇರಿಕೊಂಡಿರುವ ಗುಬ್ಬಿ ಮತ್ತು ನವಿಲು, ಇವೆಲ್ಲ ಮುಕ್ತ ಫಾಂಟುಗಳು. ಫಿರಾ ಕೋಡ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ನೀವು ಕೋಡಿನ ನಡುವೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದರೆ ಎಡಿಟರ್ ಸದ್ದಿಲ್ಲದೆ ಯಂತ್ರದಲ್ಲಿರುವ ಇನ್ನೊಂದು ಫಾಂಟನ್ನು ಕರೆದು ಆ ಸಾಲನ್ನು ತೋರಿಸುತ್ತೆ. ಲಿನಕ್ಸ್‌ನಲ್ಲಿ ಹಾಗೆ ಕರೆಸಿಕೊಳ್ಳೋದು ಬಹಳ ಸಲ ನೋಟೊ ಅಥವಾ ಲೋಹಿತ್.

ಆದರೂ ಕನ್ನಡದ ಕೆಲಸ ಮುಗಿದಿಲ್ಲ. ಲಿನಕ್ಸ್ ಟರ್ಮಿನಲ್‌ನಲ್ಲಿ ಕನ್ನಡ ಬರೆದು ನೋಡಿ. ಒಂದು ಸಂಕೇತಕ್ಕೆ ಒಂದು ಚೌಕ ಅನ್ನೋ ಲೆಕ್ಕದಲ್ಲಿ ಕಟ್ಟಿದ ಪರದೆಯಲ್ಲಿ ನಮ್ಮ ಗುಣಿತ, ಒತ್ತು ಎಲ್ಲ ಒಂದರ ಮೇಲೊಂದು ಬೀಳ್ತಾವೆ. ಕೆಲವು ಆ್ಯಪ್‌ಗಳ ಬಟನ್ನಿನಲ್ಲಿ ಒತ್ತಕ್ಷರದ ಬುಡವೇ ಕತ್ತರಿಸಿಹೋಗಿರುತ್ತೆ, ಯಾಕೆಂದರೆ ಆ ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಅಳೆದಿದ್ದಾರೆ. ಇವು ಅಮೆರಿಕದ ಅಥವಾ ಜರ್ಮನಿಯ ಪ್ರೋಗ್ರಾಮರಿನ ಕಣ್ಣಿಗೆ ಬೀಳುವ ತೊಂದರೆಗಳಲ್ಲ. ಕಣ್ಣಿಗೆ ಬಿದ್ದವರು ನಾವು. ನಾವು ಹೇಳದಿದ್ದರೆ, ನಾವು ಅದಕ್ಕೆ ಏನೂ ಹಾಕದಿದ್ದರೆ ಅದು ಯಾರ ಪಟ್ಟಿಯಲ್ಲೂ ಮೇಲಕ್ಕೆ ಬರೋದಿಲ್ಲ.

ಪಕ್ಕದ ಮನೆಯ ಉದಾಹರಣೆ ನೋಡಿ. 2019ರಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಗಾಯತ್ರಿ ಅನ್ನೋ ಮಲಯಾಳಂ ಫಾಂಟನ್ನು ಮುಕ್ತ ಪರವಾನಗಿಯಲ್ಲಿ ಹೊರತಂದಿತು. ಅದಕ್ಕೆ ಹಣದ ನೆರವು ಕೊಟ್ಟದ್ದು ಕೇರಳ ಭಾಷಾ ಇನ್‌ಸ್ಟಿಟ್ಯೂಟ್. ಭಾಷೆಗಾಗಿ ಕೆಲಸ ಮಾಡುವ ಸಂಸ್ಥೆ ಅಕ್ಷರಕ್ಕೂ ದುಡ್ಡು ಕೊಟ್ಟಿತು! ನಮ್ಮಲ್ಲಿ ಅಕಾಡೆಮಿಗಳಿಗೆ, ಪ್ರಾಧಿಕಾರಗಳಿಗೆ ಬರವಿಲ್ಲ. ಪ್ರತಿ ರಾಜ್ಯೋತ್ಸವದ ಬಜೆಟ್ಟಿನಲ್ಲಿ ಒಂದು ಸಾಲು ಮುಕ್ತ ಫಾಂಟಿಗೆ ಅಂತ ಇದ್ದರೆ ಯಾರೂ ಬೇಡ ಅನ್ನಲಾರರು.

ಬೆಂಗಳೂರಿನಲ್ಲೇ ಒಳ್ಳೆಯ ಮೇಲ್ಪಂಕ್ತಿಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಗ್ತಿದೆ. ಅದರಲ್ಲಿರೋದು ಒಂದೂವರೆ ಲಕ್ಷ ಪದಗಳು. ಅದನ್ನು ಅಂತರಜಾಲಕ್ಕೆ ತಂದ ಕೈಲಾಶ್ ನಾಧ್ ಅವರು ಝೆರೋಧಾ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥರು. ಅದೇ ಕಂಪನಿ 2024ರ ಅಕ್ಟೋಬರಿನಲ್ಲಿ ‘ಫ್ಲಾಸ್ ಫಂಡ್’ ಅಂತ ಶುರು ಮಾಡಿತು. ಲೋಕದ ಯಾವುದೇ ಮೂಲೆಯ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್, ಒಂದೊಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್. ನಾವು ಇದನ್ನು ಹೊಗಳಿ ಮುಗಿಸೋಕೆ ಹೇಳ್ತಿಲ್ಲ. ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ ಕಂಪನಿ ಅದಕ್ಕೆ ವಾಪಸ್ ಕೊಡಬಹುದು ಅನ್ನೋದು ನಮ್ಮ ಊರಲ್ಲೇ ಸಾಬೀತಾಗಿದೆ. ಉಳಿದ ಕಂಪನಿಗಳು ಯಾಕೆ ಸುಮ್ಮನಿವೆ ಅಂತ ನಾಳೆ ಅಲ್ಲಿಗೇ ಕೆಲಸಕ್ಕೆ ಹೋಗುವ ನಾವೇ ಕೇಳಬೇಕು.

‘ಆದರೆ…’ ಅನ್ನೋರಿಗೆ

ಈ ಮಾತು ಎತ್ತಿದ ಕೂಡಲೇ ಬರುವ ಆಕ್ಷೇಪಗಳು ನಮಗೆ ಗೊತ್ತು. ಅವು ಹುರುಳಿಲ್ಲದವೂ ಅಲ್ಲ.

ಮೊದಲನೆಯದು, ‘ನಾವು ಸ್ಟೂಡೆಂಟ್ಸು, ನಮ್ಮತ್ರ ದುಡ್ಡೆಲ್ಲಿದೆ?’ ನಿಜ. ಮೆಸ್ ಬಿಲ್ ಕಟ್ಟೋಕೇ ಕಷ್ಟಪಡುವ ಗೆಳೆಯರು ನಮ್ಮಲ್ಲಿದ್ದಾರೆ. ಅವರು ಒಂದು ಪೈಸೆಯೂ ಕೊಡಬೇಕಿಲ್ಲ, ನಾಚಿಕೆಯೂ ಪಡಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇಟ್ಟುಕೊಂಡ ರಾಯಚೂರಿನ ಹುಡುಗಿಗೂ ದೊಡ್ಡ ಕಂಪನಿಯ ಎಂಜಿನಿಯರಿಗೂ ಒಂದೇ ಫಾಂಟು, ಒಂದೇ ಎಡಿಟರ್ ಸಿಗೋದೇ ಮುಕ್ತ ತಂತ್ರಾಂಶದ ಹೆಚ್ಚುಗಾರಿಕೆ. ಅದು ಹಾಗೇ ಉಳಿಯಬೇಕು ಅಂದ್ರೆ ಕೈಯಲ್ಲಿ ಆಗುವವರು ಕೊಡಬೇಕು. ಬಣ್ಣದ ದೀಪ ಉರಿಯುವ ಮೆಕ್ಯಾನಿಕಲ್ ಕೀಬೋರ್ಡಿಗೆ ಸಾವಿರಾರು ರೂಪಾಯಿ ಕೊಡಬಲ್ಲ ಕೈಗೆ, ಆ ಕೀಬೋರ್ಡಿನಿಂದ ಮೂಡುವ ಅಕ್ಷರಕ್ಕೆ ಎರಡು ಮಸಾಲೆ ದೋಸೆಯ ದುಡ್ಡು ಭಾರವಾಗಬಾರದು.

ಎರಡನೆಯದು, ‘ಕೋಟಿ ಕೋಟಿ ದುಡಿಯುವ ಕಂಪನಿಗಳು ಮೊದಲು ಕೊಡಲಿ.’ ಕೊಡಲೇಬೇಕು. ಅನೇಕ ಕಂಪನಿಗಳು ಸಂಬಳದ ರೂಪದಲ್ಲಿ ಕೊಡ್ತಾನೂ ಇವೆ. ಆದರೆ ಕಂಪನಿಯ ದುಡ್ಡು ಕಂಪನಿಗೆ ಬೇಕಾದ ಕಡೆ ಹರಿಯುತ್ತೆ. ಬಳಸುವವರ ದುಡ್ಡು ಎಷ್ಟೇ ಸಣ್ಣದಿರಲಿ, ‘ನಮಗೂ ಇದು ಬೇಕು’ ಅಂತ ಹೇಳುವ ಒಂದು ದನಿ. ಎಷ್ಟೋ ಜನ ಒಂಟಿ ಮೇಂಟೇನರುಗಳಿಗೆ ಸಂಬಳ ಕೊಡುವ ಕಂಪನಿಯೇ ಇಲ್ಲ.

ಮೂರನೆಯದು, ‘ದುಡ್ಡು ಯಾಕೆ, ಕೋಡ್ ಕೊಟ್ಟರೆ ಸಾಲದೇ?’ ಕೊಡಿ, ಖಂಡಿತ ಕೊಡಿ. ಆದರೆ ನಾವು ಕಳಿಸುವ ಒಂದೊಂದು ಕೋಡನ್ನೂ ಯಾರೋ ಕೂತು ಓದಬೇಕು, ಪರೀಕ್ಷಿಸಬೇಕು, ಬೇಡವಾದರೆ ಮನಸ್ಸು ನೋಯದಂತೆ ಬೇಡ ಅನ್ನಬೇಕು. ಅದು ಅವರ ಊಟದ ಹೊತ್ತು, ನಿದ್ದೆಯ ಹೊತ್ತು. ಕೋಡ್ ಕೊಟ್ಟರೆ ಅವರ ಕೆಲಸ ಕೆಲವು ಸಲ ಹೆಚ್ಚೇ ಆಗುತ್ತೆ. ದುಡ್ಡು ಕೊಟ್ಟರೆ ಅವರ ಹೊತ್ತು ಹೆಚ್ಚುತ್ತೆ.

ನಾಲ್ಕನೆಯದು ಕೆಲಸದ ತೊಡಕು: ಕೊಡೋದು ಹೇಗೆ? ಗಿಟ್‌ಹಬ್ ಸ್ಪಾನ್ಸರ್ಸ್ 2019ರಿಂದ ಇದೆ, ಓಪನ್ ಕಲೆಕ್ಟಿವ್ ಇದೆ. ಆದರೆ ಅಂಗಡಿಯಲ್ಲಿ ಯುಪಿಐ ಸ್ಕ್ಯಾನ್ ಮಾಡಿದಷ್ಟು ಸಲೀಸಲ್ಲ. ಕಾರ್ಡಿನಲ್ಲಿ ವಿದೇಶಿ ಪಾವತಿಗೆ ಅನುಮತಿ ಮಾಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2021ರ ಅಕ್ಟೋಬರಿನ ನಿಯಮದ ಮೇಲೆ, ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಪಾವತಿಗಳು ಎಷ್ಟೋ ಸಲ ನಡುವೆಯೇ ನಿಂತುಹೋಗ್ತವೆ. ಹಾಗಾಗಿ ಒಬ್ಬೊಬ್ಬರೇ ತಿಂಗಳಿಗೆ ಇಷ್ಟು ಅಂತ ಹೆಣಗೋದಕ್ಕಿಂತ ಎಲ್ಲರೂ ಸೇರಿಸಿ ವರ್ಷಕ್ಕೊಮ್ಮೆ ಒಟ್ಟಿಗೆ ಕೊಡೋದು ಜಾಣತನ. ಗಣೇಶನ ಹಬ್ಬಕ್ಕೆ ಚಂದಾ ಎತ್ತೋ ವಿದ್ಯೆ ನಮಗೆ ಯಾರೂ ಕಲಿಸಿಕೊಡಬೇಕಿಲ್ಲವಲ್ಲ!

ನಮ್ಮ ಪ್ರಸ್ತಾಪ

ಬರೀ ಉಪದೇಶ ಮಾಡಿ ಎದ್ದು ಹೋಗೋದು ಬೇಡ. ನಮ್ಮ ಸಂಘದ ಮುಂದೆ ನಾವು ಇಡುವ ಪ್ರಸ್ತಾಪ ಇಷ್ಟು.

ರಾಜ್ಯೋತ್ಸವಕ್ಕೆ ಅಂತ ಎತ್ತುವ ಹಣದಲ್ಲಿ ನೂರಕ್ಕೆ ಎರಡು ರೂಪಾಯಿ ತೆಗೆದಿಡೋಣ. ಅದಕ್ಕೊಂದು ಡಬ್ಬಿ ಇಟ್ಟು, ಇಷ್ಟವಿದ್ದವರು ಇನ್ನಷ್ಟು ಹಾಕಲಿ. ಯಾರು ಎಷ್ಟು ಹಾಕಿದರು ಅಂತ ಬರೆದಿಡೋದೂ ಬೇಡ, ಕೇಳೋದೂ ಬೇಡ. ನವೆಂಬರಿನಲ್ಲಿ ಒಂದೇ ಒಂದು ಮುಕ್ತ ಯೋಜನೆಯನ್ನು ಸದಸ್ಯರು ಓಟು ಹಾಕಿ ಆರಿಸಲಿ. ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇದನ್ನು ನಾವು ದಿನಾ ಬಳಸ್ತೀವಾ? ಇದನ್ನು ನೋಡಿಕೊಳ್ಳುವವರಿಗೆ ಕಂಪನಿಯ ಸಂಬಳ ಇಲ್ಲವಾ? ಇದರಿಂದ ಕನ್ನಡಕ್ಕೆ ಏನಾದರೂ ಒಳ್ಳೆಯದಾಗುತ್ತಾ? ಮೂರಕ್ಕೂ ಹೌದು ಅಂದರೆ ಬಹಳ ಒಳ್ಳೆಯದು, ಎರಡಕ್ಕೆ ಹೌದು ಅಂದರೂ ಸಾಕು. ಒಂದು ವರ್ಷ ಕಣ್ಣಿಗೆ ಕಾಣುವ ಫಾಂಟಿಗೆ ಕೊಟ್ಟರೆ, ಮುಂದಿನ ವರ್ಷ ಕಣ್ಣಿಗೆ ಕಾಣದ ಕೆಳಗಿನ ತಂತ್ರಾಂಶಕ್ಕೆ ಕೊಡೋಣ. ಕೊಟ್ಟದ್ದರ ರಸೀದಿಯನ್ನು ಇದೇ ಪತ್ರಿಕೆಯಲ್ಲಿ ಹಾಕೋಣ.

ದುಡ್ಡಿನ ಜೊತೆ ಒಂದು ಕೆಲಸವೂ ಇರಲಿ. ಒತ್ತು ಕತ್ತರಿಸಿಹೋದ ಬಟನ್ನು, ಗುಣಿತ ಕಲಸಿಹೋದ ಟರ್ಮಿನಲ್ ಕಂಡರೆ ಬೈದುಕೊಂಡು ಸುಮ್ಮನಾಗೋದು ಬೇಡ. ಯಾವ ಯಂತ್ರ, ಯಾವ ಫಾಂಟು, ಯಾವ ಪದ, ಹೇಗೆ ಕಾಣಬೇಕಿತ್ತು, ಹೇಗೆ ಕಾಣ್ತಿದೆ ಅಂತ ಚಿತ್ರದ ಸಮೇತ ಬರೆದು ಆಯಾ ಯೋಜನೆಗೆ ಕಳಿಸೋಣ. ಕನ್ನಡ ಓದೋಕೆ ಬಾರದ ಪ್ರೋಗ್ರಾಮರಿಗೆ ಅರ್ಥವಾಗುವ ಹಾಗೆ ಒಂದು ಒಳ್ಳೆಯ ವರದಿ ಬರೆಯೋದು ಕಮ್ಮಿ ಕೊಡುಗೆ ಅಲ್ಲ. ಇದಕ್ಕೆ ಕನ್ನಡವೂ ಬೇಕು, ಎಂಜಿನಿಯರಿಂಗೂ ಬೇಕು. ನಮ್ಮ ಸಂಘದಲ್ಲಿ ಎರಡೂ ಇವೆ.

ಕೆಲಸ ಸಿಕ್ಕಿ ಹೊರಗೆ ಹೋಗಿರುವ ಅಕ್ಕಂದಿರಿಗೆ, ಅಣ್ಣಂದಿರಿಗೆ ಒಂದೇ ಒಂದು ಕೋರಿಕೆ. ನಿಮ್ಮ ಕಂಪನಿ ಯಾವ ಯಾವ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ, ಅದಕ್ಕೆ ಏನು ಕೊಡ್ತಿದೆ ಅಂತ ಒಂದು ಸಲ ಮ್ಯಾನೇಜರನ್ನು ಕೇಳಿ. ಉತ್ತರ ‘ಏನೂ ಇಲ್ಲ’ ಅಂತ ಬಂದರೂ ಪರವಾಗಿಲ್ಲ, ಎರಡನೇ ಸಲ ಕೇಳುವವರಿಗೆ ಅದು ಸುಲಭ ಆಗುತ್ತೆ.

ನಾವು ಸೇರಿಸುವ ಮೊತ್ತದಿಂದ ಯಾರ ಮನೆಯೂ ನಡೆಯಲಾರದು, ಅದು ನಮಗೆ ಗೊತ್ತು. ಸುಗ್ಗಿಯಲ್ಲಿ ಒಂದು ಮನೆಯವರು ಅಳೆದ ಒಂದು ಸೇರು ಕಾಳಿನಿಂದಲೂ ನೀರುಗಂಟಿಯ ವರ್ಷ ಕಳೆಯುತ್ತಿರಲಿಲ್ಲ. ಎಲ್ಲ ಮನೆಯವರೂ ಅಳೆಯುತ್ತಿದ್ದರು, ಅದರಿಂದ ಕಳೆಯುತ್ತಿತ್ತು. ಮುಂದಿನ ಸಂಘದ ಸಭೆಗೆ ಈ ಪ್ರಸ್ತಾಪ ಬರಲಿದೆ. ಒಪ್ಪುವವರೂ ಬನ್ನಿ, ಒಪ್ಪದವರು ತಪ್ಪದೇ ಬನ್ನಿ. ನೂರಕ್ಕೆ ಎರಡು ಹೆಚ್ಚಾಯಿತು ಅಂದ್ರೆ ಒಂದಕ್ಕೆ ಇಳಿಸೋಣ, ಸೊನ್ನೆಗೆ ಮಾತ್ರ ಇಳಿಸೋದು ಬೇಡ.